ಎಡಗಾಲಿನ ಸಮಾಚಾರ

ಮಾರ್ಚ್ 3

ಅಪ್ಪಾ,

'ಇಲ್ಲಿ ಎಲ್ಲರೂ ಕ್ಷೇಮ' ಎಂದು ಶುರು ಮಾಡಿದರೆ ನೀನು ಕನ್ನಡಕ ಸರಿಮಾಡಿಕೊಂಡು, 'ಇವಳು ಏನೋ ಬಚ್ಚಿಟ್ಟಿದ್ದಾಳೆ' ಅನ್ನುತ್ತೀಯ. ಅದಕ್ಕೇ ಕ್ಷೇಮದ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಫೋನಿನಲ್ಲಿ ಮೆಸೇಜು ಮಾಡಬಹುದಿತ್ತು. ಆದರೆ ಮೆಸೇಜು ಇರುವುದು 'ಬರುವಾಗ ಹಾಲು ತಾ' ಅನ್ನುವುದಕ್ಕೆ. ನಿನ್ನ ಜೊತೆ ಮಾತಾಡಬೇಕಾದರೆ ನನಗೆ ಕಾಗದವೇ ಆಗಬೇಕು. ನಾಲ್ಕನೇ ವಯಸ್ಸಿನ ಜ್ವರದಲ್ಲಿ ಕಿವಿ ಹೋದವಳನ್ನು ಕನ್ನಡಿಯ ಮುಂದೆ ಕೂರಿಸಿಕೊಂಡು ತುಟಿ ಓದುವುದನ್ನೂ, ಸ್ಲೇಟು ಹಿಡಿಸಿ ಬರೆಯುವುದನ್ನೂ ಕಲಿಸಿದವನು ನೀನು. ಈಗ ಅನುಭವಿಸು.

ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಈ ತಿಂಗಳು ಶಾಲೆಯ ಬ್ಯಾಂಡಿನವರ ಕೋಟುಗಳು. ತುತ್ತೂರಿ ಊದುವ ಹುಡುಗಿಯ ಎದೆಯ ಅಳತೆ ಉಸಿರು ಎಳೆದಾಗ ಒಂದು, ಬಿಟ್ಟಾಗ ಇನ್ನೊಂದು. 'ಯಾವುದಕ್ಕೆ ಹೊಲೀಲಿ?' ಎಂದು ಕೇಳಿದೆ. 'ಊದೋವಾಗ ಗುಂಡಿ ಹಾರಬಾರದು ಅಕ್ಕಾ' ಎಂದಳು. ಇವರಿಗೂ ಕೈತುಂಬಾ ಕೆಲಸ. ಊರಿನ ಅರ್ಧ ಮನೆಗಳ ಪೈಪು ಸೋರುತ್ತಿದೆ, ಇನ್ನರ್ಧ ಕಟ್ಟಿಕೊಂಡಿದೆ. ಎರಡರಿಂದಲೂ ನಮ್ಮ ಹೊಟ್ಟೆ ತುಂಬುತ್ತಿದೆ.

ಇನ್ನು ಕೊನೆಗಿಟ್ಟ ಮಾತು. ನನಗೆ ಆರು ತಿಂಗಳು ತುಂಬಿತು, ಅಪ್ಪ. ಹೌದು, ಸರಿಯಾಗಿಯೇ ಓದಿದೆ.

ಹಿಂದಿನ ಎರಡು ಸಲವೂ ಗೊತ್ತಾದ ವಾರವೇ ನಿನಗೆ ಬರೆದಿದ್ದೆ. ಎರಡು ಸಲವೂ ಆಮೇಲೆ ನೀನು ರೈಲು ಹತ್ತಿ ಬಂದು ಹಾಸಿಗೆಯ ಪಕ್ಕ ಕೂತು 'ಏನೂ ಆಗಿಲ್ಲ ಬಿಡು' ಎಂದೆ. ತುಟಿ ಹಾಗೆಂದಿತು. ತುಟಿ ಓದುವವಳಿಗೆ ಮುಖದ ಉಳಿದ ಭಾಗವೂ ಕಾಣುತ್ತಿರುತ್ತದೆ. ಆ ಮುಖವನ್ನು ಮೂರನೇ ಸಲ ನೋಡುವುದು ನನ್ನಿಂದ ಆಗದು ಎನ್ನಿಸಿ ಕಾದೆ. ಈಗ ಮಗು ಒದೆಯುತ್ತಿದೆ, ಡಾಕ್ಟರು ಚೆನ್ನಾಗಿದೆ ಎಂದರು, ನಾನು ಪೆನ್ನು ಹಿಡಿದೆ.

ನಾನೂ ಚೆನ್ನಾಗಿದ್ದೇನೆ. ಎಡಗಾಲು ಊದಿಕೊಂಡಿದೆ, ಅದಕ್ಕೆ ಹೊಲಿಗೆ ಯಂತ್ರದ ಪೆಡಲನ್ನು ಬಲಗಾಲಿನಲ್ಲೇ ಒತ್ತುತ್ತೇನೆ. ಬಸುರಿಯರ ಕಾಲು ಊದುವುದು ಮಾಮೂಲು ಎಂದು ಪಕ್ಕದ ಚಪ್ಪಲಿ ಅಂಗಡಿಯಾಕೆ ಹೇಳಿದಳು. ಅವಳು ದಿನವೂ ಕಾಲುಗಳನ್ನೇ ನೋಡುವವಳು.

ಬೈಯುವುದಾದರೆ ಮೊದಲು ಒಂದು ಸಾಲು ಖುಷಿಯದ್ದು ಬರೆದು ಆಮೇಲೆ ಬೈ.

ನಿನ್ನ
ಸೂಜಿಮೆಣಸು


ಮಾರ್ಚ್ 6

ನನ್ನ ಸೂಜಿಮೆಣಸೇ,

ಖುಷಿಯ ಸಾಲು ಇದು: ನಿನ್ನ ಕಾಗದ ಹಿಡಿದುಕೊಂಡು ಅಡುಗೆಮನೆಯಿಂದ ಬಾಲ್ಕನಿಗೂ ಬಾಲ್ಕನಿಯಿಂದ ಅಡುಗೆಮನೆಗೂ ಎಷ್ಟು ಸಲ ಓಡಾಡಿದೆನೋ, ಒಲೆಯ ಮೇಲಿದ್ದ ನೀರೆಲ್ಲ ಬತ್ತಿ ಪಾತ್ರೆ ಸೀದು ಕರಕಲಾಯಿತು. ಹೋದರೆ ಹೋಗಲಿ. ಕೆಳಮನೆಯವರು ಹೊಗೆ ನೋಡಿ ಓಡಿಬಂದರು. 'ಏನಾಯ್ತು ಸಾರ್?' ಎಂದರು. 'ಅಜ್ಜ ಆಗ್ತಿದೀನಿ' ಎಂದೆ. 'ಅದಕ್ಕೆ ಮನೆ ಸುಡ್ತಾರಾ?' ಎಂದರು.

ಬೈಯುವ ಸಾಲು ಬರೆಯಲು ಕೂತೆ, ಬರಲಿಲ್ಲ.

ಈಗ ಚಪ್ಪಲಿ ಅಂಗಡಿಯಾಕೆಯ ವಿಷಯ. ಬಸುರಿಯರ ಕಾಲು ಊದುವುದು ನಿಜ. ಆದರೆ ಊದಿದರೆ ಎರಡೂ ಊದುತ್ತವೆ. ಒಂದೇ ಕಾಲು ಊದುವುದು ಮಾಮೂಲಲ್ಲ. ಊತ ತೊಡೆಯವರೆಗೂ ಇದೆಯೇ, ಸೊಂಟದ ಹಿಂದೆ ನೋವಿದೆಯೇ, ಕಾಲಿನ ಬಣ್ಣ ಬದಲಾಗಿದೆಯೇ ಎಂದೆಲ್ಲ ಕೇಳಬೇಕೆನ್ನಿಸುತ್ತಿದೆ. ಆದರೆ ಉತ್ತರ ಬರೆಯುತ್ತ ಕೂರಬೇಡ. ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನೀನು ಡಾಕ್ಟರ ಬಳಿ ಹೋಗಿ ಬಂದಿರುತ್ತೀಯ, ಏಕೆಂದರೆ ನಿನ್ನ ಗಂಡನಿಗೆ ಈಗಷ್ಟೇ ಫೋನ್ ಮಾಡಿದೆ.

'ಗಾಬರಿ ಪಡೋ ವಿಷಯಾನಾ ಮಾವ?' ಎಂದ.

'ಗಾಬರಿ ಬೇಡ. ನಾಳೆ ನೋಡೋಣ ಅಂತ ಮುಂದಕ್ಕೂ ಹಾಕ್ಬೇಡ.'

'ನನಗೆ ಅರ್ಥ ಆಗೋ ಹಾಗೆ ಹೇಳಿ.'

'ಬಚ್ಚಲಲ್ಲಿ ನೀರು ನಿಂತ್ರೆ ತೊಂದರೆ ಬಚ್ಚಲಲ್ಲೇ ಇರತ್ತಾ?'

'ಇಲ್ಲ, ಮುಂದೆಲ್ಲೋ ಪೈಪ್ ಕಟ್ಟಿಕೊಂಡಿರತ್ತೆ.'

'ಹಾಗೇ ಅಂದ್ಕೋ. ಎಲ್ಲಿ ಕಟ್ಟಿಕೊಂಡಿದೆ ಅಂತ ನೋಡ್ಬೇಕು.'

ಆ ಕಡೆ ಏನೋ ಠಣ್ ಎಂದಿತು. ಆಮೇಲೆ, 'ಸ್ಪ್ಯಾನರ್ ಕೆಳಗಿಟ್ಟೆ ಮಾವ, ಈಗಲೇ ಕರ್ಕೊಂಡು ಹೊರಟೆ' ಎಂದ. ನಿಮ್ಮ ಮದುವೆಯಾದಂದಿನಿಂದ ನನ್ನ ಅವನ ಮಾತು ಹವಾಮಾನ ದಾಟಿ ಮುಂದೆ ಹೋದದ್ದು ಇದೇ ಮೊದಲು.

ಹೊಟ್ಟೆ ತುಂಬಾ ತಿನ್ನು, ನೀರು ಕುಡಿ, ಕಾಲನ್ನು ತಿಕ್ಕಿಸಿಕೊಳ್ಳಬೇಡ. ಯಾರು ಎಷ್ಟೇ ಪ್ರೀತಿಯಿಂದ ತಿಕ್ಕುತ್ತೇನೆಂದರೂ ಬೇಡ.

ನಿನ್ನ
ಅಪ್ಪ


ಮಾರ್ಚ್ 19

ಅಪ್ಪಾ,

ನಿನ್ನ ಊರಿನಿಂದ ಹೊರಟವರು ಕ್ಷೇಮವಾಗಿ ಮನೆ ಸೇರಿದೆವು. ರೈಲಿನಲ್ಲಿ ಎದುರು ಸೀಟಿನ ಹಿರಿಯರೊಬ್ಬರು ತಾವಾಗಿಯೇ ಎದ್ದು ನನ್ನ ಕಾಲು ಚಾಚಲು ಜಾಗ ಬಿಟ್ಟುಕೊಟ್ಟರು. ಇವರು ದಾರಿಯುದ್ದಕ್ಕೂ ಇಂಜೆಕ್ಷನ್ನಿನ ಡಬ್ಬಿಯನ್ನು ಮೊಟ್ಟೆಯ ಬುಟ್ಟಿಯಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ನಡೆದದ್ದೆಲ್ಲ ನಿನಗೆ ಗೊತ್ತು. ಆದರೂ ನನ್ನ ಕಡೆಯಿಂದ ಹೇಗಿತ್ತು ಎಂದು ಬರೆಯಬೇಕು. ಎದುರಿಗೆ ಕೂತಿದ್ದಾಗ ಹೇಳಲಾಗಲಿಲ್ಲ.

ಇಲ್ಲಿಯ ಡಾಕ್ಟರು ಕಾಲಿಗೆ ಅಲ್ಟ್ರಾಸೌಂಡ್ ಮಾಡಿಸಿದರು. ಪಾದದಿಂದ ತೊಡೆಸಂದಿನವರೆಗೆ ಹೆಪ್ಪುಗಟ್ಟಿದ ರಕ್ತ ಎಲ್ಲೂ ಇರಲಿಲ್ಲ. 'ಆದರೆ ರಕ್ತ ತುಂಬಾ ನಿಧಾನವಾಗಿ ಹೋಗ್ತಿದೆ' ಎಂದರು. 'ತೊಡೆಗಿಂತ ಮೇಲೆ, ಹೊಟ್ಟೆಯ ಕೆಳಭಾಗದ ರಕ್ತನಾಳ ನಮಗೆ ಕಾಣೋದಿಲ್ಲ, ಮಗು ಅಡ್ಡ ಕೂತಿದೆ.' ಆವತ್ತೇ ರಕ್ತ ತೆಳುವಾಗಿಸುವ ಇಂಜೆಕ್ಷನ್ ಶುರು ಮಾಡಿ, ಎಂ.ಆರ್.ಐ. ಮಾಡಿಸಲು ನಿಮ್ಮ ಆಸ್ಪತ್ರೆಗೆ ಬರೆದುಕೊಟ್ಟರು. ಅದರಲ್ಲಿ ಎಕ್ಸ್‌ರೇ ಕಿರಣಗಳಿಲ್ಲ, ಬಣ್ಣದ ಮದ್ದು ಚುಚ್ಚದೆಯೂ ರಕ್ತನಾಳ ನೋಡಬಹುದು, ಮಗುವಿಗೆ ಭಯವಿಲ್ಲ ಎಂದು ಚೀಟಿಯಲ್ಲಿ ಬರೆದು ತೋರಿಸಿದರು. 'ನಮ್ಮಪ್ಪ ಅದೇ ಯಂತ್ರ ನಡೆಸೋದು' ಎಂದೆ. 'ಹಾಗಾದ್ರೆ ನಿಮಗೆ ಭಯ ಇಲ್ಲ' ಎಂದರು. ಅವರಿಗೇನು ಗೊತ್ತು!

ನಿನ್ನ ಕೆಲಸದ ಕೋಣೆಯನ್ನು ನಾನು ನೋಡಿದ್ದು ಅದೇ ಮೊದಲು. ನಿನ್ನ ಜೊತೆ ಕೆಲಸ ಮಾಡುವಾಕೆ, ಆ ಉದ್ದ ಕತ್ತಿನ ಹೆಣ್ಣುಮಗಳು, 'ಮೈಮೇಲೆ ಲೋಹದ್ದು ಏನಾದ್ರೂ ಇದೆಯಾ?' ಎಂದಳು. ಹೆಸರಿಗಷ್ಟೇ ಇರುವ ಕಿವಿಯ ಯಂತ್ರ ತೆಗೆದುಕೊಟ್ಟು, ಜಂಭದಿಂದ ಇಲ್ಲವೆಂದೆ. 'ದರ್ಜಿಗಳ ಮಾತು ನಂಬಬೇಡ' ಎಂದು ನೀನು ಆಸ್ಪತ್ರೆಯ ಅಂಗಿ ಹಾಕಿಸಿದೆ. ಆಮೇಲೆ ನನ್ನ ಬಟ್ಟೆ ಜಾಲಾಡಿದರೆ ಕಾಲರಿನಲ್ಲಿ ಗುಂಡುಪಿನ್ನು, ತೋಳಿನ ಮಡಿಕೆಯಲ್ಲಿ ಸೂಜಿ, ಒಳಜೇಬಿನಲ್ಲಿ ಬಾಬಿನ್ನು! ತಟ್ಟೆಯಲ್ಲಿ ಜೋಡಿಸಿ ನನಗೆ ತೋರಿಸಿದಿರಿ. ಇವರು ಅಲ್ಲೇ ನಿಂತು ನಕ್ಕದ್ದನ್ನು ನಾನು ಮರೆತಿಲ್ಲ.

ಕಾಲು ಮುಂದಾಗಿ ಯಂತ್ರದೊಳಗೆ ಕಳಿಸಿದಿರಿ. ಬೆನ್ನಿನ ಬಲಕ್ಕೆ ದಿಂಬು ಕೊಟ್ಟು ನನ್ನನ್ನು ಎಡಕ್ಕೆ ವಾಲಿಸಿದಿರಿ. ತಲೆ ಹೊರಗೇ ಇತ್ತು, ತಲೆಯ ಹತ್ತಿರ ನೀನು. ಯಂತ್ರ ಅವಳ ಕೈಯಲ್ಲಿ. ಸ್ಪೀಕರಿನಲ್ಲಿ 'ಉಸಿರು ಹಿಡಿಯಿರಿ' ಅಂದರೆ ನನಗೆ ಕೇಳುವುದಿಲ್ಲವಲ್ಲ, ಅದಕ್ಕೆ ನೀನು ಕಿವಿಗೆ ಬೆಣೆ ಹಾಕಿಕೊಂಡು ಒಳಗೇ ನಿಂತೆ. ನಿನ್ನ ತುಟಿ ನೋಡಿ ಎಳೆದೆ, ಹಿಡಿದೆ, ಬಿಟ್ಟೆ. ಎಲ್ಲರೂ ಆ ಯಂತ್ರದ ಗದ್ದಲಕ್ಕೆ ಹೆದರುತ್ತಾರಂತೆ. ನನಗೆ ಬರೀ ಬೆನ್ನಿನಡಿ ನಡುಕ. ದಪ್ಪ ಕ್ಯಾನ್ವಾಸು ಹೊಲಿಯುವ ದೊಡ್ಡ ಯಂತ್ರದ ಮೇಲೆ ಮಲಗಿದ ಹಾಗಿತ್ತು. ಒಳ್ಳೆಯ ಯಂತ್ರ, ಹೊಲಿಗೆ ಸಮನಾಗಿ ಬೀಳುತ್ತದೆ.

ಒಂದು ಸಲ ನೀನು ತಲೆಯೆತ್ತಿ, ಅವಳು ಕೂತಿದ್ದ ಕೋಣೆಯ ಗಾಜಿನ ಕಿಟಕಿಯ ಕಡೆ ನೋಡಿದೆ. ಮತ್ತೆ ನನ್ನ ಕಡೆ ತಿರುಗಿ ನಕ್ಕು, 'ಚೆನ್ನಾಗಿ ಬರ್ತಿದೆ' ಎಂದೆ.

ಅಪ್ಪ, ನೀನು ನಗುವಾಗ ಯಾವಾಗಲೂ ಎಡಹುಬ್ಬು ಮೊದಲು ಏಳುತ್ತದೆ. ಆವತ್ತು ಎರಡೂ ಒಟ್ಟಿಗೆ ಎದ್ದವು.

ನನಗೆ ತಿಳಿಯಿತು. ಏನು ಎಂದು ತಿಳಿಯಲಿಲ್ಲ, ಇದೆ ಎಂದು ತಿಳಿಯಿತು. ಇನ್ನೂ ಬಹಳ ಹೊತ್ತು ಬಾಕಿ ಇತ್ತು. ನಾನು ನೋಡುತ್ತಿರುವಷ್ಟು ಹೊತ್ತೂ ನೀನು ಆ ನಗುವನ್ನು ಹೊತ್ತುಕೊಂಡೇ ನಿಲ್ಲಬೇಕಿತ್ತು, ಇಳಿಸಲು ಜಾಗವಿಲ್ಲದೆ. ಅದಕ್ಕೆ ಕಣ್ಣು ಮುಚ್ಚಿದೆ. ದಣಿವಾಗಿರಲಿಲ್ಲ, ನಿದ್ದೆಯೂ ಬಂದಿರಲಿಲ್ಲ. ನಿನ್ನ ಮುಖವನ್ನು ನೀನು ಸ್ವಲ್ಪ ಹೊತ್ತು ಕೆಳಗಿಟ್ಟುಕೊಳ್ಳಲಿ ಎಂದು.

ನೀನು ಹಣೆಯ ಮೇಲೆ ಬೆರಳಿಟ್ಟೆ. ತಟ್ಟಿದರೆ ಹಿಡಿಯಬೇಕು, ಸವರಿದರೆ ಬಿಡಬೇಕು ಎಂದು ಹೇಳದೆಯೇ ನಮಗಿಬ್ಬರಿಗೂ ಗೊತ್ತಾಯಿತು. ಮಧ್ಯೆ ಒಮ್ಮೆ ಬೆರಳು ಬರುವುದು ತಡವಾಯಿತು. ನಾನು ಕಾದೆ.

ಹೆದರುವುದನ್ನೆಲ್ಲ ಆ ಮುಚ್ಚಿದ ಕಣ್ಣಿನೊಳಗೇ ಹೆದರಿ ಮುಗಿಸಿದ್ದೆ. ಆದ್ದರಿಂದ ಆಮೇಲೆ ನಿಮ್ಮ ಡಾಕ್ಟರಮ್ಮ ಕೂರಿಸಿಕೊಂಡು ಹೆಪ್ಪು ಎಲ್ಲಿದೆ, ಏನು ಮಾಡಬೇಕು ಎಂದು ಹೇಳುವಾಗ ಒಂದು ಮಾತೂ ತಪ್ಪದೆ ತುಟಿ ಓದಿದೆ. ಇವರ ಕೈಯನ್ನು ನಾನೇ ಹಿಡಿದುಕೊಂಡೆ.

ನಿನ್ನ
ಸೂಜಿಮೆಣಸು


ಮಾರ್ಚ್ 23

ಮಗಳೇ,

ನಿನ್ನ ಕಾಗದ ಬಂದ ದಿನ ಓದಿ ಮಡಚಿಟ್ಟೆ. ಮಾರನೆಯ ದಿನ ಮತ್ತೆ ಓದಿದೆ. ಇವತ್ತು ಬರೆಯುತ್ತಿದ್ದೇನೆ.

ನಮ್ಮ ಕೋಣೆಯಲ್ಲಿ ಒಂದು ನಿಯಮವಿದೆ. ಪರದೆಯ ಮೇಲೆ ಏನು ಕಂಡರೂ ರೋಗಿಗೆ ಹೇಳುವಂತಿಲ್ಲ. ಹೇಳುವುದು ಡಾಕ್ಟರ ಕೆಲಸ, ಚಿತ್ರ ಸರಿಯಾಗಿ ತೆಗೆಯುವುದು ನಮ್ಮದು. ಬಾಯಿ ಮುಚ್ಚಿಕೊಂಡರೆ ಸಾಲದು, ಮುಖವನ್ನೂ ಮುಚ್ಚಿಕೊಳ್ಳಬೇಕು. ಆ ಉದ್ದ ಕತ್ತಿನವಳು ಕೆಲಸಕ್ಕೆ ಸೇರಿದ ವಾರ ನಾನೇ ಹೇಳಿಕೊಟ್ಟಿದ್ದೆ: 'ಒಳ್ಳೇದು ಕಂಡ್ರೂ ಕೆಟ್ಟದ್ದು ಕಂಡ್ರೂ ಮುಖ ಗೋಡೆ ಥರ ಇರ್ಬೇಕು.' ಅವಳು ಅದನ್ನು ನನಗಿಂತ ಚೆನ್ನಾಗಿ ಕಲಿತಳು.

ಸ್ವಂತದವರ ಪರೀಕ್ಷೆಯನ್ನು ನಾವು ಮಾಡುವುದಿಲ್ಲ, ಆದ್ದರಿಂದ ಆವತ್ತು ಪರದೆ ಅವಳ ಮುಂದಿತ್ತು. ನನಗೆ ಕಾಣುತ್ತಿದ್ದದ್ದು ಕಿಟಕಿಯ ಗಾಜು, ಗಾಜಿನ ಹಿಂದೆ ಅವಳು. ಮೊದಮೊದಲು ಪೆನ್ಸಿಲ್ ಕಚ್ಚುತ್ತಿದ್ದಳು, ನನ್ನತ್ತ ನೋಡಿ ಹುಬ್ಬು ಹಾರಿಸುತ್ತಿದ್ದಳು, ನಿನ್ನ ಪಿನ್ನುಗಳನ್ನು ನೆನೆದು ನಗುತ್ತಿದ್ದಳು. ಆಮೇಲೆ ನಾನು ತಲೆಯೆತ್ತಿದಾಗ ಅಲ್ಲಿ ಗೋಡೆ ಇತ್ತು. ಆ ಗೋಡೆ ಕಟ್ಟಲು ಕಲಿಸಿದವನಿಗೆ ಅದರ ಆಚೆ ಏನಿದೆ ಎಂದು ತಿಳಿಯದೇ?

ನನ್ನ ಹುಬ್ಬುಗಳ ವಿಷಯ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ದಿನವೂ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಂಡಿದ್ದೇನೆ. ಒಬ್ಬನೇ ನಗುವ ಅಭ್ಯಾಸವಿಲ್ಲವಾದ್ದರಿಂದ ಕಂಡಿರಲಿಲ್ಲ.

ಡಾಕ್ಟರಮ್ಮ ಆಮೇಲೆ ನನಗೂ ಚಿತ್ರ ತೋರಿಸಿದರು. ನಿನಗೆ ಅರ್ಥವಾಗುವಂತೆ ಹೇಳುತ್ತೇನೆ, ನಿನ್ನ ಗಂಡನಿಗೂ ಓದಿಸು. ನಾವು ತೆಗೆದ ಚಿತ್ರದಲ್ಲಿ ಹರಿಯುವ ರಕ್ತ ಬೆಳ್ಳಗೆ ಹೊಳೆಯುತ್ತದೆ, ನಿಂತದ್ದು ಹೊಳೆಯುವುದಿಲ್ಲ. ಬಲಗಾಲಿನಿಂದ ಬರುವ ರಕ್ತನಾಳ ಬಿಳಿ ರಿಬ್ಬನ್ನಿನ ಹಾಗೆ ಮೇಲೇರಿ ಹೋಗಿತ್ತು. ಎಡಗಡೆಯದ್ದೂ ತೊಡೆಯವರೆಗೆ ಬಂದಿತ್ತು, ಹೊಟ್ಟೆಯ ತಳದಲ್ಲಿ ಒಂದು ಕಡೆ ಕತ್ತರಿಸಿದಂತೆ ಕಪ್ಪಾಗಿತ್ತು. ಆ ಜಾಗದಲ್ಲಿ ಎಲ್ಲರಿಗೂ ಒಂದು ಇಕ್ಕಟ್ಟಿದೆ. ಬಲಗಾಲಿಗೆ ಹೋಗುವ ಗಟ್ಟಿ ರಕ್ತನಾಳ ಎಡಗಾಲಿನಿಂದ ಬರುವ ಮೆತ್ತನೆಯ ರಕ್ತನಾಳದ ಮೇಲೆ ಹಾದುಹೋಗುತ್ತದೆ. ಹಿಂದೆ ಬೆನ್ನುಮೂಳೆ, ಮುಂದೆ ಅದು. ನಿನಗೆ ಅದರ ಮುಂದೆ ನಮ್ಮ ಮರಿಯೂ ಕೂತಿದೆ. ಪಾಪ, ಅದಕ್ಕೇನು ಗೊತ್ತು, ಜಾಗ ಸಿಕ್ಕಲ್ಲಿ ಕೂತಿದೆ.

ಹೆಪ್ಪು ಅಲ್ಲೇ ಇತ್ತು, ಮೇಲೆ ಹೊರಟಿರಲಿಲ್ಲ. ಮೇಲೆ ಎಂದರೆ ಎಲ್ಲಿಗೆ ಎಂದು ನಾನು ಬರೆಯುವುದಿಲ್ಲ, ನೀನೂ ಕೇಳಬೇಡ. ಇಂಜೆಕ್ಷನ್ನು ಅದನ್ನು ಬೆಳೆಯಲು ಬಿಡುವುದಿಲ್ಲ. ಉಳಿದದ್ದನ್ನು ಮೈ ತಾನೇ ನಿಧಾನವಾಗಿ ಕರಗಿಸುತ್ತದೆ.

ಕಣ್ಣು ಮುಚ್ಚಿದ್ದರ ಬಗ್ಗೆ ಏನೋ ಬರೆಯಬೇಕೆಂದು ಕೂತೆ. ಇಷ್ಟೇ ಬಂತು: ಬೆರಳು ತಡವಾದಾಗ ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಬಿಗಿ ಕಾಲುಚೀಲವನ್ನು ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಹಾಕಿಕೋ. ನಡೆ. ಎಡಕ್ಕೆ ತಿರುಗಿ ಮಲಗು.

ನಿನ್ನ
ಅಪ್ಪ


ಏಪ್ರಿಲ್ 14

ಅಪ್ಪಾ,

ಆ ಕಾಲುಚೀಲ ಕಂಡುಹಿಡಿದವರು ಯಾರೋ ಗೊತ್ತಿಲ್ಲ, ಅವರ ಕಾಲಿಗೇ ಅದನ್ನು ತೊಡಿಸಬೇಕು. ಇವರು ಒಂದು ತುದಿ, ನಾನು ಒಂದು ತುದಿ ಹಿಡಿದು ಬೆಳಿಗ್ಗೆ ಬೆಳಿಗ್ಗೆ ಹಗ್ಗಜಗ್ಗಾಟ. ಆದರೆ ಹೊಲಿಗೆಯಲ್ಲಿ ತಪ್ಪು ಹುಡುಕಲು ಹೋಗಿ ಸೋತೆ. ಹಿಮ್ಮಡಿಯ ತಿರುವನ್ನು ಒಂದು ಜೋಡಣೆಯೂ ಇಲ್ಲದೆ ಹೆಣೆದಿದ್ದಾರೆ. ಕೈಮುಗಿಯಬೇಕು.

ಇಂಜೆಕ್ಷನ್ನಿನ ಕಥೆ ಕೇಳು. ಕೊಡುವುದನ್ನು ಕಲಿಯಲು ಇವರು ನರ್ಸಿನ ಹತ್ತಿರ ಹೋಗಿ ಎದೆಯುಬ್ಬಿಸಿಕೊಂಡು ಬಂದರು. ಮನೆಯಲ್ಲಿ ಮೊದಲ ದಿನ ಸೂಜಿ ಹಿಡಿದು ನನ್ನ ಹೊಟ್ಟೆಯ ಮುಂದೆ ಮಂಡಿಯೂರಿ ಕೂತವರು, 'ಮಗೂಗೆ ಚುಚ್ಚಿಬಿಟ್ರೆ?' ಎಂದರು. 'ಅದು ಚರ್ಮದಡಿ ಹೋಗೋ ಸೂಜಿ ಕಣ್ರೀ, ಬಾವಿ ತೋಡ್ತಿಲ್ಲ' ಎಂದೆ. ಸುಮ್ಮನೆ ಹಿಂದಕ್ಕೆ ವಾಲಿ ಗೋಡೆಗೆ ಒರಗಿಬಿಟ್ಟರು, ಮುಖ ಸುಣ್ಣದ ಹಾಗೆ. ದಿನವಿಡೀ ಸೂಜಿಯ ಜೊತೆ ಬಾಳುವವಳು ನಾನೇ ಚುಚ್ಚಿಕೊಂಡು, ಅವರಿಗೆ ನೀರು ಕುಡಿಸಿದೆ. ಈಗ ವಾರದಿಂದ ಅವರೇ ಕೊಡುತ್ತಿದ್ದಾರೆ, ನಲ್ಲಿ ತಿರುಗಿಸಿದಷ್ಟು ಸಲೀಸಾಗಿ. ನನ್ನ ಹೊಟ್ಟೆ ನೀಲಿ ಚುಕ್ಕೆಗಳ ಬಟ್ಟೆಯಾಗಿದೆ.

ಊತ ಇಳಿಯುತ್ತಿದೆ. ಮೊನ್ನೆ ಎರಡು ಮೊಣಕಾಲಿನ ಮೂಳೆಗಳೂ ಒಟ್ಟಿಗೆ ಕಂಡವು. ಬಹಳ ದಿನದ ಮೇಲೆ ಸಿಕ್ಕ ಗೆಳತಿಯರ ಹಾಗೆ ಅವನ್ನು ನೋಡಿದೆ. ಬ್ಯಾಂಡಿನವರ ಕೋಟು ಮುಗಿಸಿ ಕೊಟ್ಟೆ. ತುತ್ತೂರಿಯವಳು ಅಂಗಡಿಯಲ್ಲೇ ಊದಿ ತೋರಿಸಿದಳು. ಗುಂಡಿ ಹಾರಲಿಲ್ಲ. ಬೀದಿಯವರೆಲ್ಲ ಕಿವಿ ಮುಚ್ಚಿಕೊಂಡರು, ನಾನೊಬ್ಬಳು ನೆಮ್ಮದಿಯಾಗಿ ಚಪ್ಪಾಳೆ ತಟ್ಟಿದೆ.

ಹೆರಿಗೆಯ ಮುಂಚೆ ಇಂಜೆಕ್ಷನ್ ನಿಲ್ಲಿಸಿ, ಆಮೇಲೆ ಮತ್ತೆ ಶುರು ಮಾಡುತ್ತಾರಂತೆ. ನಿಲ್ಲಿಸುವ ಆ ಸ್ವಲ್ಪ ಹೊತ್ತಿನ ಬಗ್ಗೆ ನೀನು ಯೋಚಿಸುತ್ತಿರುತ್ತೀಯ ಎಂದು ಗೊತ್ತು. ನಾನೂ ಯೋಚಿಸುತ್ತೇನೆ. ಇಬ್ಬರೂ ಯೋಚಿಸುತ್ತಿದ್ದೇವೆ ಎಂದು ಬರೆದಿಟ್ಟರೆ ಸ್ವಲ್ಪ ಹಗುರವಾಗಬಹುದು ಎಂದು ಬರೆದೆ.

ನಿನ್ನ
ಸೂಜಿಮೆಣಸು


ಮೇ 9

ಮಗಳೇ,

ಹಗುರವಾಯಿತು.

ನಿನ್ನಿಂದ ಕಲಿತದ್ದು ನಮ್ಮ ಕೋಣೆಯಲ್ಲಿ ಬಳಕೆಗೆ ಬಂದಿದೆ. ಕಳೆದ ವಾರ ವಯಸ್ಸಾದವರೊಬ್ಬರು ಬಂದರು. ಕಿವಿಯ ಯಂತ್ರ ತೆಗೆದರೆ ಅವರಿಗೆ ಗುಡುಗೂ ಕೇಳದು. ಉದ್ದ ಕತ್ತಿನವಳು ನನ್ನನ್ನು ಕೇಳದೆಯೇ ಒಳಗೆ ಹೋಗಿ ಅವರ ತಲೆಯ ಹತ್ತಿರ ನಿಂತು, ಹಣೆಗೆ ತಟ್ಟಿದಳು. ಆ ಹಿರಿಯರು ಕಣ್ಣು ಬಿಟ್ಟು, 'ಏನಮ್ಮಾ, ಬಾಗಿಲು ತಟ್ಟಿದ ಹಾಗೆ ತಟ್ತೀಯಾ? ಒಳಗೇ ಇದೀನಿ' ಎಂದರು. ಅವಳ ಗೋಡೆ ಆವತ್ತು ಉದುರಿಬಿತ್ತು. ನಗು ತಡೆಯಲಾರದೆ ಹೊರಗೆ ಓಡಿಬಂದಳು. ಚಿತ್ರ ಎರಡನೇ ಸಲ ತೆಗೆಯಬೇಕಾಯಿತು.

ನಿನ್ನ ಕೋಣೆಗೆ ಬಣ್ಣ ಹೊಡೆಸಿದ್ದೇನೆ. ಬರಬೇಕೆಂದಲ್ಲ. ಬಂದರೆ ಇರಲಿ ಎಂದು.

ಒಂದು ಮಾತು ಕೇಳಬೇಕು, ಹೇಗೆ ಕೇಳಲಿ ಎಂದು ವಾರದಿಂದ ಹೊರಳಾಡುತ್ತಿದ್ದೇನೆ. ನಿನ್ನ ಗಂಡ ಬೆಳಿಗ್ಗೆ ಪೆಟ್ಟಿಗೆ ಎತ್ತಿಕೊಂಡು ಕೆಲಸಕ್ಕೆ ಹೋಗುತ್ತಾನೆ. ನೀನು ಯಂತ್ರದ ಮೇಲೆ ಬಗ್ಗಿ ಕೂತಿರುತ್ತೀಯ. ಮಗು ಬೆನ್ನ ಹಿಂದೆ ಅತ್ತರೆ ನಿನಗೆ ತಿಳಿಯುವುದು ಹೇಗೆ? ನಾನು ರಜೆ ಹಾಕಿ ಬರಲೇ? ಬಂದು ಒಂದು ಮೂಲೆಯಲ್ಲಿ ಕಿವಿಯಾಗಿ ಕೂತಿರುತ್ತೇನೆ. ಅಡುಗೆಯನ್ನೂ ಮಾಡುತ್ತೇನೆ, ಪಾತ್ರೆ ಸೀಯದ ಹಾಗೆ.

ನಿನ್ನ ಅಮ್ಮ ಇದ್ದಿದ್ದರೆ ಇದನ್ನು ಕೇಳುತ್ತಲೇ ಇರಲಿಲ್ಲ, ಬಂದೇಬಿಡುತ್ತಿದ್ದಳು. ನನಗೆ ಕೇಳಿಯೇ ಅಭ್ಯಾಸ.

ನಿನ್ನ
ಅಪ್ಪ


ಜೂನ್ 4

ಮಾವನವರಿಗೆ ನಮಸ್ಕಾರ,

ಫೋನಿನಲ್ಲಿ ಎಲ್ಲ ಹೇಳಿದ್ದೇನೆ. ಆದರೂ 'ಫೋನ್ ಮಾಡಿದ್ದು ಲೆಕ್ಕಕ್ಕಿಲ್ಲ, ಅಪ್ಪನಿಗೆ ಬರೀರಿ' ಎಂದು ನಿಮ್ಮ ಮಗಳು ಪೆನ್ನು ಕೊಟ್ಟು ಎದುರಿಗೇ ಕೂತಿದ್ದಾಳೆ. ನಾನು ಬರೆದದ್ದು ಎಂದರೆ ಪೈಪಿನ ಅಳತೆಗಳು ಮಾತ್ರ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಇಂಜೆಕ್ಷನ್ ಮತ್ತೆ ಶುರುವಾಗಿದೆ, ಕಾಲುಚೀಲವೂ ಕಾಲಲ್ಲೇ ಇದೆ. ನೀವು ಹೇಳಿದಂತೆ ನಿನ್ನೆಯೇ ಎಬ್ಬಿಸಿ ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆಸಿದೆ. ಬೈದಳು, ನಡೆದಳು.

ಹೆರಿಗೆ ಕೋಣೆಯಲ್ಲಿ ಎಲ್ಲರೂ ಮುಖಕ್ಕೆ ಮಾಸ್ಕು ಕಟ್ಟಿಕೊಂಡಿದ್ದರು. ಯಾರ ತುಟಿಯೂ ಇವಳಿಗೆ ಕಾಣುತ್ತಿರಲಿಲ್ಲ. ಡಾಕ್ಟರನ್ನು ಕೇಳಿ ನಾನು ಮಾಸ್ಕು ತೆಗೆದು ಅವಳ ತಲೆಯ ಹತ್ತಿರ ನಿಂತೆ. ಅವರು 'ತಳ್ಳಿ' ಎಂದಾಗ ನಾನೂ 'ತಳ್ಳು' ಎಂದೆ, 'ಸಾಕು' ಎಂದಾಗ 'ಸಾಕು' ಎಂದೆ. ಕೊನೆಕೊನೆಗೆ ಅವಳಿಗಿಂತ ನಾನೇ ಹೆಚ್ಚು ತಳ್ಳಿದೆ ಎಂದು ನರ್ಸು ಹೇಳಿದರು. ನನಗೆ ಇನ್ನೂ ಹೊಟ್ಟೆ ನೋಯುತ್ತಿದೆ.

ಮಗು ಹೊರಗೆ ಬಂದು ಅತ್ತಿತು. ಎಲ್ಲರೂ ನಕ್ಕರು. ಇವಳು ಮಗುವನ್ನು ನೋಡಲಿಲ್ಲ ಮಾವ, ನನ್ನ ಮುಖ ನೋಡಿದಳು.

'ಅಳ್ತಿದಾಳೆ' ಎಂದೆ.

'ಹೇಗೆ?' ಎಂದಳು.

'ಜೋರಾಗಿ.'

'ಜೋರಾಗಿ ಅಂದ್ರೆ ಹೇಗೆ, ಹೇಳಿ.'

'ಎರಡು ದಿನ ನೀರಿಲ್ದೆ, ಆಮೇಲೆ ನಲ್ಲಿ ತಿರುಗಿಸಿದ್ರೆ ಮೊದಲು ಗಾಳಿ ಬರತ್ತಲ್ಲ, ಪೈಪೆಲ್ಲ ನಡುಗಿಸ್ಕೊಂಡು, ಹಾಗೆ' ಎಂದೆ. ನರ್ಸು ನನ್ನನ್ನು ಒಂಥರಾ ನೋಡಿದರು. ಆದರೆ ಇವಳಿಗೆ ಅರ್ಥವಾಯಿತು. ನಮ್ಮ ಮನೆಯಲ್ಲಿ ಹಾಗೆ ಗಾಳಿ ಬಂದಾಗ ಇವಳು ಯಾವಾಗಲೂ ಪೈಪಿನ ಮೇಲೆ ಕೈಯಿಟ್ಟು ನಗುತ್ತಾಳೆ. 'ಹಾಗಾದ್ರೆ ಒತ್ತಡ ಚೆನ್ನಾಗಿದೆ' ಎಂದಳು. ಆಮೇಲೆ ಮಗುವನ್ನು ಎದೆಯ ಮೇಲೆ ಹಾಕಿದರು, ಇಬ್ಬರೂ ಸುಮ್ಮನಾದರು.

ನೀವು ಬನ್ನಿ. ಕಿವಿಯಾಗಿ ಕೂರಬೇಕಾಗಿಲ್ಲ, ಸುಮ್ಮನೆ ಬನ್ನಿ. ಸ್ಟೇಷನ್ನಿಗೆ ನಾನು ಬರುತ್ತೇನೆ.

ನಿಮ್ಮ
ಅಳಿಯ


ಸೆಪ್ಟೆಂಬರ್ 12

ಅಪ್ಪಾ,

ನಿಮ್ಮ ಆಸ್ಪತ್ರೆಯಿಂದ ಬಂದು ವಾರವಾಯಿತು. ಬರೆಯಲು ಈಗ ಕೈ ಬಿಡುವಾಯಿತು.

ಈ ಸಲ ಚಿತ್ರ ತೆಗೆಯುವಾಗ ನಾನು ಕಣ್ಣು ಬಿಟ್ಟುಕೊಂಡೇ ಇದ್ದೆ. ನೀನು ಕಿಟಕಿ ನೋಡಿದಾಗ ನಾನೂ ಕತ್ತು ಹೊರಳಿಸಿ ನೋಡಿದೆ. ಗಾಜಿನ ಹಿಂದೆ ಅವಳು ನನ್ನ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಪುಟ್ಟ ಕೈ ಹಿಡಿದು ನಮಗೆ ಬೀಸುತ್ತಿದ್ದಳು. ನಿಯಮವನ್ನೆಲ್ಲ ಗಾಳಿಗೆ ತೂರಿದ್ದಳು. ಡಾಕ್ಟರಮ್ಮ ಬಾಯಿಬಿಟ್ಟು ಹೇಳುವವರೆಗೆ ಕಾಯಬೇಕಾದ್ದು ನ್ಯಾಯ. ಆದರೆ ಆ ಪುಟ್ಟ ಕೈ ಆಗಲೇ ಹೇಳಿಬಿಟ್ಟಿತ್ತು. ಆಮೇಲೆ ಪರದೆಯ ಮೇಲೆ ಎರಡು ಬಿಳಿ ರಿಬ್ಬನ್ನುಗಳನ್ನೂ ನೋಡಿದೆ. ಎಡಗಡೆಯದು ಇಕ್ಕಟ್ಟಿನ ಜಾಗದಲ್ಲಿ ಸ್ವಲ್ಪ ಸಣ್ಣಗಿದೆ, ಆದರೆ ರಕ್ತ ಹರಿಯುತ್ತಿದೆ. 'ದಾರಿ ಮಾಡ್ಕೊಂಡಿದೆ' ಎಂದರು ಡಾಕ್ಟರಮ್ಮ. ಇಂಜೆಕ್ಷನ್ ನಿಂತಿತು. ಡಬ್ಬಿ ಖಾಲಿಯಾದದ್ದಕ್ಕೆ ಇವರ ಮುಖ ಸಪ್ಪಗಾಗಿದೆ, ಈಗಷ್ಟೇ ವಿದ್ಯೆ ಕೈಹತ್ತಿತ್ತಂತೆ.

ಜೂನಿನಲ್ಲಿ ನೀನು ಬಂದು ಇದ್ದಷ್ಟು ದಿನ ನಿನಗೂ ಇವರಿಗೂ ಅಡುಗೆಮನೆಯಲ್ಲಿ ಅದೇನು ಅಷ್ಟು ಮಾತು? ನನ್ನ ಕಡೆ ಬೆನ್ನು ಮಾಡಿ ಮಾತಾಡಿದರೆ ನನಗೆ ಏನೂ ತಿಳಿಯುವುದಿಲ್ಲ. ಬೇಕೆಂದೇ ಹಾಗೆ ನಿಲ್ಲುತ್ತಿದ್ದಿರೋ ಏನೋ. ಇರಲಿ, ನಿಮ್ಮಿಬ್ಬರ ಬೆನ್ನುಗಳೂ ಖುಷಿಯಾಗಿದ್ದವು.

ಮೇ ತಿಂಗಳಲ್ಲಿ ನೀನು ಒಂದು ಮಾತು ಕೇಳಿದ್ದೆ. ಮಗು ಬೆನ್ನ ಹಿಂದೆ ಅತ್ತರೆ ತಿಳಿಯುವುದು ಹೇಗೆ ಎಂದು. ಆಗ ಉತ್ತರ ಬರೆಯಲಿಲ್ಲ, ಏಕೆಂದರೆ ನನಗೂ ಗೊತ್ತಿರಲಿಲ್ಲ. ಮೊದಮೊದಲು ಎರಡು ಹೊಲಿಗೆಗೊಮ್ಮೆ ತಿರುಗಿ ನೋಡುತ್ತಿದ್ದೆ. ಕತ್ತು ನೋವು ಬಂತು, ಒಂದು ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದುಬಿಟ್ಟೆ. ಈಗ ಗೊತ್ತಾಗಿದೆ.

ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಗೆ ಇವರು ಸುತ್ತ ಹಲಗೆ ಹೊಡೆದು ತಡೆ ಮಾಡಿಕೊಟ್ಟಿದ್ದಾರೆ. ಅದರೊಳಗೆ ಮಗುವಿನ ಬುಟ್ಟಿ. ಇನ್ನೊಂದು ತುದಿಯಲ್ಲಿ, ನನ್ನ ಕಣ್ಣಿನ ಎದುರು, ಗುಂಡಿಗಳ ತಗಡಿನ ತಟ್ಟೆ. ಅವಳು ಅಳುವುದಕ್ಕೆ ಮೊದಲು ಒದೆಯುತ್ತಾಳೆ. ಬುಟ್ಟಿ ಅಲುಗಿದರೆ ಮೇಜು ಅಲುಗುತ್ತದೆ, ಮೇಜು ಅಲುಗಿದರೆ ಗುಂಡಿಗಳು ನಡುಗುತ್ತವೆ. ಹಸಿವಾದರೆ ಸಣ್ಣ ಗುಂಡಿಗಳು ಮಾತ್ರ. ಒದ್ದೆಯಾದರೆ ಅಂಗಿಯ ಗುಂಡಿಗಳೂ. ಸಿಟ್ಟು ಬಂದರೆ ಕೋಟಿನ ದೊಡ್ಡ ಗುಂಡಿಗಳೂ ಏಳುತ್ತವೆ. ನಿನ್ನೆ ಗಿರಾಕಿಯೊಬ್ಬರು ಬಾಗಿಲಲ್ಲೇ ನಿಂತು, 'ಮಗು ಅಳೋಕೆ ಬಾಯಿ ತೆರೆಯೋದ್ರೊಳಗೆ ಎದ್ದುಬಂದ್ರಲ್ಲ, ನಿಮ್ಮ ಕಿವಿ ಅದೆಷ್ಟು ಚುರುಕು!' ಎಂದರು. ನಾನು ಬರೀ ತಲೆಯಾಡಿಸಿದೆ. ಯಾರಾದರೂ ಹೊಗಳಿದರೆ ಬೇಡ ಎನ್ನಬಾರದು.

ಇನ್ನೂ ಬರೆಯುವುದಿತ್ತು, ಆದರೆ ಕೋಟಿನ ಗುಂಡಿಯೊಂದು ತಟ್ಟೆ ದಾಟಿ ಉರುಳುತ್ತಿದೆ. ಎರಡೂ ಕಾಲು ಒಟ್ಟಿಗೆ ಜಾಡಿಸುತ್ತಿದ್ದಾಳೆ. ಹೊರಟೆ.

ನಿನ್ನ
ಸೂಜಿಮೆಣಸು